ಎ320ರ ಹಾರಾಟ ನಿಯಂತ್ರಣ ಕಂಪ್ಯೂಟರ್‌ಗಳು: ಪೆಟ್ಟಿಗೆ ಗಟ್ಟಿ, ಕಣ್ಣು ಮಂಜು

ಬೆಂಗಳೂರಿನಿಂದ ದೆಹಲಿಗೋ ಮುಂಬೈಗೋ ಹೊರಟ ವಿಮಾನ ಏರ್‌ಬಸ್ ಎ320 ಆಗಿದ್ದರೆ, ಪೈಲಟ್ ಹಿಡಿದ ಸೈಡ್‌ಸ್ಟಿಕ್‌ಗೂ ರೆಕ್ಕೆ-ಬಾಲಗಳ ಪಟ್ಟಿಗಳಿಗೂ ನಡುವೆ ಉಕ್ಕಿನ ತಂತಿ ಇರುವುದಿಲ್ಲ. ಸ್ಟಿಕ್ ಎಷ್ಟು ವಾಲಿದೆ ಎಂಬುದು ವಿದ್ಯುತ್ ಸಂಕೇತವಾಗಿ ಕಂಪ್ಯೂಟರ್‌ಗೆ ಹೋಗುತ್ತದೆ, ಯಾವ ಪಟ್ಟಿ ಎಷ್ಟು ಡಿಗ್ರಿ ತಿರುಗಬೇಕೆಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಹೈಡ್ರಾಲಿಕ್ ಜಾಕ್ ಅದನ್ನು ತಿರುಗಿಸುತ್ತದೆ. ಪ್ರಯಾಣಿಕರ ಜೆಟ್‌ಗಳಲ್ಲಿ ಡಿಜಿಟಲ್ ಆಗಿ ಇದನ್ನು ಮೊದಲು ತಂದದ್ದು ಎ320. ಮೊದಲ ಹಾರಾಟ 1987ರಲ್ಲಿ, ಪ್ರಯಾಣಿಕರ ಸೇವೆ 1988ರಲ್ಲಿ. ನಾವಿಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ವಿಮಾನವನ್ನಲ್ಲ, ಈ ಕಂಪ್ಯೂಟರ್‌ಗಳ ಕೂಟವನ್ನು ಮಾತ್ರ.

ಪೆಟ್ಟಿಗೆಗಳು ಒಟ್ಟು ಏಳು. ಎರಡು ಎಲಾಕ್: ಮೂತಿ ಏರಿಳಿಸುವ ಬಾಲದ ಪಟ್ಟಿ ಎಲಿವೇಟರ್ ಮತ್ತು ವಿಮಾನವನ್ನು ಓರೆ ಮಾಡುವ ರೆಕ್ಕೆಯ ಪಟ್ಟಿ ಏಲೆರಾನ್ ನೋಡಿಕೊಳ್ಳುವವು. ಮೂರು ಸೆಕ್: ರೆಕ್ಕೆಯ ಮೇಲೆ ಎದ್ದು ನಿಲ್ಲುವ ಪಟ್ಟಿ ಸ್ಪಾಯ್ಲರ್ ಇವುಗಳ ಮುಖ್ಯ ಕೆಲಸ, ಬೇಕಾದಾಗ ಮೊದಲೆರಡು ಸೆಕ್‌ಗಳು ಎಲಿವೇಟರನ್ನೂ ಹಿಡಿಯುತ್ತವೆ. ಎರಡು ಫ್ಯಾಕ್: ಬಾಲದ ನೆಟ್ಟಗಿನ ಪಟ್ಟಿ ರಡ್ಡರಿನ ಮೂಲಕ ವಿಮಾನದ ತೂಗಾಟ ತಡೆಯುವುದು, ವೇಗ ಹೆಚ್ಚಿದಂತೆ ರಡ್ಡರ್ ತಿರುಗುವ ಮಿತಿಯನ್ನು ಕಿರಿದುಗೊಳಿಸುವುದು ಇವುಗಳ ಪಾಲು. ಕಾಕ್‌ಪಿಟ್‌ನ ಮೇಲ್ಚಾವಣಿ ಫಲಕದಲ್ಲಿ ಎಡಗಡೆ ಎಲಾಕ್ 1, ಸೆಕ್ 1, ಫ್ಯಾಕ್ 1 ಗುಂಡಿಗಳು. ಬಲಗಡೆ ಎಲಾಕ್ 2, ಸೆಕ್ 2, ಸೆಕ್ 3, ಫ್ಯಾಕ್ 2.

ಏಳು ಎಂಬ ಸಂಖ್ಯೆ ಕೇಳಿಯೇ ಮೆಚ್ಚಿಕೊಳ್ಳಬೇಕಿಲ್ಲ. ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸುವುದು ಸುಲಭ. ಈ ವಿನ್ಯಾಸದ ಹೆಚ್ಚುಗಾರಿಕೆ ಇರುವುದು ಒಂದೊಂದು ಪೆಟ್ಟಿಗೆಯ ಒಳಗೆ. ಪ್ರತಿ ಕಂಪ್ಯೂಟರಿನಲ್ಲೂ ಎರಡು ಪ್ರತ್ಯೇಕ ಚಾನೆಲ್‌ಗಳಿವೆ. ಒಂದು ಆಜ್ಞೆ ಕೊಡುತ್ತದೆ. ಇನ್ನೊಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತದೆ. ಎರಡಕ್ಕೂ ತಮ್ಮದೇ ಪ್ರೊಸೆಸರ್, ತಮ್ಮದೇ ಮೆಮೊರಿ, ತಮ್ಮದೇ ವಿದ್ಯುತ್ ಪೂರೈಕೆ. ಕಾವಲು ಚಾನೆಲ್ ಅದೇ ಲೆಕ್ಕವನ್ನು ತಾನೂ ಮಾಡಿ, ಆಜ್ಞೆ ಚಾನೆಲ್‌ನ ಉತ್ತರದೊಂದಿಗೆ ತಾಳೆ ನೋಡುತ್ತದೆ. ತಾಳೆ ಆಗದಿದ್ದರೆ ಯಾರು ಸರಿ ಎಂಬ ಪಂಚಾಯಿತಿಗೆ ಕೂರುವುದಿಲ್ಲ. ಇಡೀ ಪೆಟ್ಟಿಗೆಯೇ ಜಾಕ್‌ನಿಂದ ಕೈ ತೆಗೆದು ಸುಮ್ಮನಾಗುತ್ತದೆ, ಮುಂದಿನ ಪೆಟ್ಟಿಗೆ ಕೆಲಸ ಎತ್ತಿಕೊಳ್ಳುತ್ತದೆ. ಹಾರಾಟ ನಿಯಂತ್ರಣದಲ್ಲಿ ಸುಮ್ಮನಾದ ಪೆಟ್ಟಿಗೆಯಿಂದ ಅಪಾಯ ಕಡಿಮೆ; ತಪ್ಪು ಉತ್ತರವನ್ನು ಬಿಡದೆ ಹೇಳುತ್ತ ಎಲಿವೇಟರನ್ನು ಕೊನೆಯವರೆಗೆ ತಳ್ಳುವ ಪೆಟ್ಟಿಗೆಯೇ ಅಪಾಯ. ಆ ಎರಡನೆಯದನ್ನು ಮೊದಲನೆಯದಾಗಿ ಮಾರ್ಪಡಿಸುವುದಕ್ಕೇ ಈ ಜೋಡಿ ಇರುವುದು.

ತಾಳೆ ನೋಡುವ ಕೆಲಸ ಹೇಳಿದಷ್ಟು ಸರಳವಲ್ಲ. ಎರಡು ಚಾನೆಲ್‌ಗಳ ಗಡಿಯಾರಗಳನ್ನು ಒಂದಕ್ಕೊಂದು ಕಟ್ಟಿಲ್ಲ. ಕಟ್ಟಿದ್ದರೆ ಆ ಗಂಟೇ ಒಟ್ಟಿಗೆ ಕೆಡುವ ಜಾಗವಾಗುತ್ತಿತ್ತು. ಆದ್ದರಿಂದ ಒಂದು ಚಾನೆಲ್ ಸ್ಟಿಕ್ಕನ್ನು ಓದಿದ ಗಳಿಗೆಗೂ ಇನ್ನೊಂದು ಓದಿದ ಗಳಿಗೆಗೂ ಚೂರು ಅಂತರ ಇದ್ದೇ ಇರುತ್ತದೆ, ಸ್ಟಿಕ್ ವೇಗವಾಗಿ ಚಲಿಸುತ್ತಿದ್ದರೆ ಉತ್ತರಗಳೂ ಚೂರು ಬೇರೆಯಾಗುತ್ತವೆ. ಅದಕ್ಕೆಂದು ಎರಡು ಅಳತೆ ಇಟ್ಟಿದ್ದಾರೆ. ವ್ಯತ್ಯಾಸ ಇಷ್ಟನ್ನು ಮೀರಬೇಕು, ಮೀರಿದ್ದು ಇಷ್ಟು ಹೊತ್ತು ಉಳಿಯಬೇಕು. ಮಿತಿಯನ್ನು ಬಿಗಿ ಮಾಡಿದರೆ ಗಾಳಿ ಕುಲುಕಿದಾಗಲೆಲ್ಲ ಆರೋಗ್ಯವಾಗಿರುವ ಕಂಪ್ಯೂಟರ್ ಕೂಡ ಕಳಚಿಕೊಳ್ಳುತ್ತದೆ. ಸಡಿಲ ಮಾಡಿದರೆ ನಿಜವಾದ ದೋಷ ಪತ್ತೆಯಾಗುವಷ್ಟರಲ್ಲಿ ಎಲಿವೇಟರ್ ಬೇಡದ ಕಡೆಗೆ ಹೊರಟಿರುತ್ತದೆ. ಈ ಎರಡು ಅಂಕಿಗಳನ್ನು ಗೊತ್ತುಮಾಡುವುದರಲ್ಲಿ ಇಡೀ ವಿನ್ಯಾಸದ ಜಾಣತನ ಅಡಗಿದೆ. ಕೈಪಿಡಿಯ ಚಿತ್ರದಲ್ಲಿ ಇದು ಎರಡು ಡಬ್ಬಿ, ಒಂದು ಬಾಣ.

ಇನ್ನು ವೈವಿಧ್ಯ. ಎಲಾಕ್ ತಯಾರಿಸಿದ್ದು ಥಾಮ್ಸನ್-ಸಿಎಸ್‌ಎಫ್, ಮೊಟೊರೊಲಾ 68010 ಪ್ರೊಸೆಸರ್ ಬಳಸಿ. ಸೆಕ್ ತಯಾರಿಸಿದ್ದು ಸ್ಫೆನಾ ಮತ್ತು ಏರೋಸ್ಪಾಸಿಯಾಲ್ ಜೊತೆಗೂಡಿ, ಇಂಟೆಲ್ 80186 ಬಳಸಿ. ಎಲಾಕ್‌ನ ಆಜ್ಞೆ, ಎಲಾಕ್‌ನ ಕಾವಲು, ಸೆಕ್‌ನ ಆಜ್ಞೆ, ಸೆಕ್‌ನ ಕಾವಲು ಎಂದು ಸಾಫ್ಟ್‌ವೇರ್ ನಾಲ್ಕು ಬಗೆ. ಒಂದೇ ಗರಡಿಯಲ್ಲಿ ಪಳಗಿದ ನಾಲ್ವರು ಒಂದೇ ಕುಸ್ತಿ ಪಟ್ಟಿಗೆ ಬೀಳುತ್ತಾರೆ. ಬೇರೆ ಬೇರೆ ಗರಡಿಯವರಾದರೆ ಆ ಸಂಭವ ಕಡಿಮೆ. ವಿನ್ಯಾಸಕಾರರು ಇದಕ್ಕೆ ದುಡ್ಡು ಸುರಿದದ್ದು ಸುಮ್ಮನೆ ಅಲ್ಲ. ಅಪಘಾತಕ್ಕೆ ಎಡೆಮಾಡುವ ವೈಫಲ್ಯ ಹಾರಾಟದ 100 ಕೋಟಿ ಗಂಟೆಗೆ ಒಂದಕ್ಕಿಂತ ವಿರಳವಾಗಿರಬೇಕು ಎಂಬುದು ನಿಯಮದ ಅಳತೆಗೋಲು. 100 ಕೋಟಿ ಗಂಟೆ ಎಂದರೆ 1 ಲಕ್ಷ 14 ಸಾವಿರ ವರ್ಷ. ಅಷ್ಟು ಹೊತ್ತು ಯಾರೂ ಪರೀಕ್ಷೆ ಮಾಡಿ ನೋಡಲಾರರು, ಲೆಕ್ಕದಿಂದಲೇ ತೋರಿಸಬೇಕು. ಒಂದು ಪೆಟ್ಟಿಗೆ 10,000 ಗಂಟೆಗೊಮ್ಮೆ ಕೆಡುತ್ತದೆ ಎಂದಿಟ್ಟುಕೊಂಡರೆ, ಒಂದೇ ಗಂಟೆಯಲ್ಲಿ ಎರಡೂ ಕೆಡುವುದು 10 ಕೋಟಿಗೊಮ್ಮೆ, ಮೂರೂ ಕೆಡುವುದು ಲಕ್ಷ ಕೋಟಿಗೊಮ್ಮೆ ಎಂದು ಗುಣಾಕಾರ ಹೇಳುತ್ತದೆ. ಒಂದರ ಕೆಡುಕಿಗೂ ಇನ್ನೊಂದರ ಕೆಡುಕಿಗೂ ಸಂಬಂಧವೇ ಇಲ್ಲದಿದ್ದರೆ ಮಾತ್ರ ಈ ಗುಣಾಕಾರ ನಿಲ್ಲುತ್ತದೆ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ, ಮುಂದಿನ ಪೇಚುಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಜಾಕ್‌ಗಳ ಹಂಚಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಹಸಿರು, ನೀಲಿ, ಹಳದಿ ಎಂದು ಹೈಡ್ರಾಲಿಕ್ ವ್ಯವಸ್ಥೆ ಮೂರು. ಎಡ ಎಲಿವೇಟರಿಗೆ ಹಸಿರು ಮತ್ತು ನೀಲಿ ಜಾಕ್, ಬಲಕ್ಕೆ ಹಳದಿ ಮತ್ತು ನೀಲಿ. ಮಾಮೂಲಿಯಾಗಿ ಎಲಾಕ್ 2 ಹಸಿರು-ಹಳದಿ ಜಾಕ್‌ಗಳನ್ನು ನಡೆಸುತ್ತದೆ, ಉಳಿದವು ಸುಮ್ಮನೆ ಹಿಂಬಾಲಿಸುತ್ತವೆ. ಎಲಾಕ್ 2 ಕೈಕೊಟ್ಟರೆ ಎಲಾಕ್ 1 ನೀಲಿ ಜಾಕ್‌ಗಳನ್ನು ಹಿಡಿಯುತ್ತದೆ, ಅದೂ ಹೋದರೆ ಸೆಕ್ 1 ಅಥವಾ ಸೆಕ್ 2. ಎರಡು ಎಲಾಕ್‌ಗಳೂ ಹೋದಾಗ ಏಲೆರಾನ್‌ಗಳು ನಿಯಂತ್ರಣವಿಲ್ಲದೆ ಉಳಿದರೂ ಸ್ಪಾಯ್ಲರ್‌ಗಳಿಂದ ವಿಮಾನವನ್ನು ಓರೆ ಮಾಡಬಹುದು. ಮುಖ್ಯ ವಿದ್ಯುತ್ತೆಲ್ಲ ಹೋದರೂ ತುರ್ತು ಪೂರೈಕೆ ಎಲಾಕ್ 1 ಮತ್ತು ಸೆಕ್ 1ಕ್ಕೆ ತಲುಪುತ್ತದೆ, ಹೊಟ್ಟೆಯ ಕೆಳಗಿಂದ ಇಳಿಯುವ ಪುಟ್ಟ ಗಾಳಿಚಕ್ರ ನೀಲಿ ಹೈಡ್ರಾಲಿಕ್ಕಿಗೆ ಒತ್ತಡ ಕೊಡುತ್ತದೆ. ಪೂರ್ತಿ ಅಂಕ.

ದೋಷ ಬೆಳೆದಂತೆ ಕಂಪ್ಯೂಟರ್‌ಗಳು ಒಮ್ಮೆಲೇ ಕೈಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಕಂಪ್ಯೂಟರ್ ಪಾಲಿಸುವ ನಿಯಮಗಳ ಒಂದೊಂದು ಮೆಟ್ಟಿಲಿಗೂ ಲಾ ಎಂದು ಹೆಸರು. ಎಲ್ಲ ಸರಿಯಿದ್ದು ನಾರ್ಮಲ್ ಲಾ ಇರುವಾಗ ವಿಮಾನ 67 ಡಿಗ್ರಿಗಿಂತ ಹೆಚ್ಚು ಓರೆಯಾಗದು, ಮೂತಿ 30 ಡಿಗ್ರಿಗಿಂತ ಮೇಲೇಳದು, ಸ್ಟಿಕ್ಕನ್ನು ಹಿಂದಕ್ಕೆ ಪೂರ್ತಿ ಎಳೆದರೂ ಸ್ಟಾಲ್‌ಗೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದಕ್ಕೆ, ಬಿಡದು. ಕೆಲವು ರಕ್ಷಣೆಗಳು ಕಳಚಿಹೋಗುವ ಆಲ್ಟರ್ನೇಟ್ ಲಾಗೆ ಇಳಿದಾಗ ಪರದೆಯಲ್ಲಿ 67 ಡಿಗ್ರಿ ಮಿತಿ ತೋರಿಸುತ್ತಿದ್ದ ಹಸಿರು ಜೋಡಿಗೆರೆ ಮಾಯವಾಗಿ ಅದೇ ಜಾಗದಲ್ಲಿ ಅಂಬರ್ ಬಣ್ಣದ ಕತ್ತರಿ ಗುರುತು ಬರುತ್ತದೆ. ಡೈರೆಕ್ಟ್ ಲಾಗೆ ಬಂದರೆ ಬಾಲದ ಅಡ್ಡರೆಕ್ಕೆಯಾದ ಸ್ಟೆಬಿಲೈಸರ್ ತಾನಾಗಿ ತಿರುಗುವುದು ನಿಲ್ಲುತ್ತದೆ, ಅದನ್ನು ತಿರುಗಿಸುವ ಟ್ರಿಮ್ ಚಕ್ರವನ್ನು ಕೈಯಿಂದಲೇ ತಿರುಗಿಸಿ ಎಂಬ ಅಂಬರ್ ಸಂದೇಶ ಬರುತ್ತದೆ. ಎಲ್ಲವೂ ಹೋದರೆ ಟ್ರಿಮ್ ಚಕ್ರ ಮತ್ತು ರಡ್ಡರ್ ಪೆಡಲ್ ಇವೆರಡರಲ್ಲೇ ವಿಮಾನವನ್ನು ಒಂದಷ್ಟು ಹೊತ್ತು ನೇರ ಹಿಡಿದಿಟ್ಟು, ಕಂಪ್ಯೂಟರ್‌ಗಳನ್ನು ಮತ್ತೆ ಎಬ್ಬಿಸಬೇಕು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಸೊಗಸಾದ ಇಳಿಜಾರು. ನಮ್ಮ ತಕರಾರು ಒಂದೇ. ಅತಿ ಹೆಚ್ಚು ಗಾಬರಿಯ ಗಳಿಗೆಯಲ್ಲಿ, ವರ್ಷಗಟ್ಟಲೆ ಮುಟ್ಟದ ಚಕ್ರವನ್ನು ಈಗ ಮುಟ್ಟಬೇಕು ಎಂದು ಹೇಳುವ ಕೆಲಸವನ್ನು ಒಂದು ಸಾಲು ಅಕ್ಷರಕ್ಕೆ ಬಿಟ್ಟಿದ್ದಾರೆ.

ಆ ಸಾಲು ಸಾಲದೇ ಹೋದ ಪ್ರಕರಣ ಫ್ರಾನ್ಸಿನ ಪೆರ್ಪಿನ್ಯಾನ್ ಬಳಿ, 2008ರ ನವೆಂಬರ್ 27ರಂದು ನಡೆದದ್ದು. ಕಂಪ್ಯೂಟರ್‌ಗಳಿಗೆ ಕಣ್ಣಾಗಿರುವ ಭಾಗದಲ್ಲಿ ಒಂದು, ಮೂತಿಯ ಪಕ್ಕ ಗಾಳಿಗೆ ತಿರುಗುವ ಅಂಗೈಯಗಲದ ಸಣ್ಣ ರೆಕ್ಕೆ. ಗಾಳಿ ಯಾವ ಕೋನದಲ್ಲಿ ಬಡಿಯುತ್ತಿದೆ ಎಂದು ಅಳೆಯುವ ಇಂಥವು ಮೂರಿರುತ್ತವೆ. ಆ ವಿಮಾನವನ್ನು ಬಣ್ಣದ ಕೆಲಸಕ್ಕೆ ಮೂರು ದಿನ ಮೊದಲು ನೀರಿನಿಂದ ತೊಳೆಯುವಾಗ ಈ ರೆಕ್ಕೆಗಳಿಗೆ ರಕ್ಷಣೆಯ ಮುಸುಕು ಹಾಕಿರಲಿಲ್ಲ. ಒಳಗೆ ನೀರು ಸೇರಿತು, ಮೇಲಿನ ಚಳಿಗೆ ಹೆಪ್ಪುಗಟ್ಟಿತು, 1 ಮತ್ತು 2ನೇ ರೆಕ್ಕೆಗಳು ಹೆಚ್ಚುಕಡಿಮೆ ಒಂದೇ ಕೋನದಲ್ಲಿ ಕಚ್ಚಿಕೊಂಡವು. ಮೂರನೆಯದು ಸರಿಯಾಗಿತ್ತು. ಕಡಿಮೆ ಎತ್ತರದಲ್ಲಿ ಸ್ಟಾಲ್ ರಕ್ಷಣೆಯನ್ನು ಪರೀಕ್ಷಿಸಲು ವೇಗ ಇಳಿಸಿದರು. ರಕ್ಷಣೆ ಎಚ್ಚರವಾಗಲಿಲ್ಲ, ಏಕೆಂದರೆ ಕಂಪ್ಯೂಟರಿನ ಮಟ್ಟಿಗೆ ಕೋನ ಬದಲಾಗಲೇ ಇಲ್ಲ. ಅಷ್ಟರಲ್ಲಿ ಸ್ಟೆಬಿಲೈಸರ್ ತಾನಾಗಿ ಮೂತಿ ಎತ್ತುವ ಕೊನೆಯವರೆಗೂ ತಿರುಗಿತ್ತು. ಸ್ಟಾಲ್ ಆದ ಮೇಲೆ ಲಾ ಡೈರೆಕ್ಟ್‌ಗೆ ಇಳಿಯಿತು, ಟ್ರಿಮ್ ಚಕ್ರದ ಸಂದೇಶ ಬಂತು, ಯಾರೂ ಚಕ್ರ ಮುಟ್ಟಲಿಲ್ಲ. ಏಳು ಜನ ಸತ್ತರು. ಏಳು ಕಂಪ್ಯೂಟರ್‌ಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ಇದು ಒಂದೇ ಸಲದ ಕಥೆಯಾಗಿದ್ದರೆ ತೊಳೆದವರ ತಪ್ಪು ಎಂದು ಮುಗಿಸಬಹುದಿತ್ತು. 2014ರ ನವೆಂಬರ್ 5ರಂದು ಸ್ಪೇನಿನ ಬಿಲ್ಬಾವೊದಿಂದ ಮ್ಯೂನಿಕ್‌ಗೆ ಹೊರಟ ಲುಫ್ತಾನ್ಸಾ ಎ321ರಲ್ಲಿ ಏರುವಾಗಲೇ ಕೋನ ಅಳೆಯುವ ಎರಡು ಸಣ್ಣ ರೆಕ್ಕೆಗಳು ಹೆಪ್ಪುಗಟ್ಟಿ ನಿಂತವು. ಮೂರರಲ್ಲಿ ಎರಡು ಒಂದೇ ಮಾತು ಹೇಳಿದ್ದರಿಂದ ಸರಿಯಿದ್ದ ಮೂರನೆಯದನ್ನೇ ಕಂಪ್ಯೂಟರ್ ಆಚೆಗಿಟ್ಟಿತು. ಎತ್ತರ ಏರಿ ಮ್ಯಾಕ್ ಸಂಖ್ಯೆ (ಶಬ್ದದ ವೇಗಕ್ಕೆ ಹೋಲಿಸಿದ ವೇಗ) ಹೆಚ್ಚಿದಂತೆ, ರಕ್ಷಣೆ ಎಚ್ಚರಗೊಳ್ಳುವ ಕೋನದ ಮಿತಿ ಕಡಿಮೆಯಾಗುತ್ತ ಬರುತ್ತದೆ. ಕಚ್ಚಿಕೊಂಡ ಕೋನ ಇದ್ದಲ್ಲೇ ಇತ್ತು, ಮಿತಿ ಅದರ ಕೆಳಗೆ ಇಳಿಯಿತು. ಸುಮಾರು 31,000 ಅಡಿಯಲ್ಲಿ ಕಂಪ್ಯೂಟರ್ ಮೂತಿಯನ್ನು ಕೆಳಗೆ ತಳ್ಳಿತು. ಪೈಲಟ್ ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದು ನಿಲ್ಲಿಸುವಷ್ಟರಲ್ಲಿ ವಿಮಾನ ಸುಮಾರು 4000 ಅಡಿ ಕಳೆದುಕೊಂಡಿತ್ತು. ಮರುತಿಂಗಳೇ ಐರೋಪ್ಯ ವಿಮಾನ ಸುರಕ್ಷಾ ಸಂಸ್ಥೆ ತುರ್ತು ಆದೇಶ ಹೊರಡಿಸಿತು. ಇಂಥ ಅಳತೆಗಳನ್ನು ಕಂಪ್ಯೂಟರ್‌ಗಳಿಗೆ ಕೊಡುವ ಮೂರು ಏರ್ ಡೇಟಾ ಘಟಕಗಳಲ್ಲಿ ಒಂದನ್ನು ಉಳಿಸಿಕೊಂಡು ಎರಡನ್ನು ಆಫ್ ಮಾಡಿ, ಆಗ ಆಲ್ಟರ್ನೇಟ್ ಲಾಗೆ ಇಳಿದು ತಳ್ಳಾಟ ನಿಲ್ಲುತ್ತದೆ ಎಂದು. ಕಂಪ್ಯೂಟರನ್ನು ಹೆಚ್ಚು ನಂಬಿಕಸ್ಥ ಮಾಡಲು ಅದರ ಕಣ್ಣು ಕಟ್ಟಬೇಕಾಯಿತು. ಮತದಾನ ಬಹುಮತವನ್ನು ಹುಡುಕುತ್ತದೆ, ನಿಜವನ್ನಲ್ಲ. ಮೂರೂ ರೆಕ್ಕೆ ಒಂದೇ ಬಗೆಯವಾದರೆ, ಒಂದೇ ಚಳಿಗೆ ಒಡ್ಡಿಕೊಂಡರೆ, ಮೇಲಿನ ಗುಣಾಕಾರ ಅಲ್ಲಿಗೆ ಮುರಿದುಬೀಳುತ್ತದೆ. ಕಂಪ್ಯೂಟರ್‌ಗಳಿಗೆ ನಾಲ್ಕು ಬಗೆಯ ಸಾಫ್ಟ್‌ವೇರ್ ಬರೆಸಿದವರು, ಕೋನ ಅಳೆಯುವುದಕ್ಕೆ ಎರಡನೇ ಬಗೆಯ ಉಪಾಯವೊಂದನ್ನು ಇಡಬೇಕಿತ್ತು. ವೇಗ, ತೂಕ, ಮೂತಿಯ ಕೋನ ಮತ್ತು ಏರುವ ದಾರಿಯ ಕೋನದಿಂದ ಅದನ್ನು ಅಂದಾಜು ಮಾಡಿ ತಾಳೆ ನೋಡಲು ಸಾಧ್ಯವಿದೆ. ಇಲ್ಲಿ ನಮ್ಮ ಅಂಕ 10ಕ್ಕೆ 5.

ಎರಡನೇ ದೂರು ಬೆಸುಗೆಯದು. ರಡ್ಡರ್ ಮಿತಿಯನ್ನು ಬದಲಿಸುವ ಘಟಕ ಬಾಲದಲ್ಲಿ, ಒತ್ತಡ ತುಂಬದ ಜಾಗದಲ್ಲಿ ಕೂತಿದೆ. ನೆಲದಲ್ಲಿ ಬಿಸಿಲು, ಮೇಲೆ ಕೊರೆಯುವ ಚಳಿ. ಜೊತೆಗೆ ದಿನಕ್ಕೆ ಹಲವು ಬಾರಿ ವಿದ್ಯುತ್ ಬರುವುದು ಹೋಗುವುದು. ಬೋರ್ಡು, ಅದರ ಮೇಲಿನ ಬಿಡಿಭಾಗದ ಕಾಲು, ಬೆಸುಗೆ ಹಿಗ್ಗುವ ಪ್ರಮಾಣ ಒಂದೊಂದಕ್ಕೂ ಬೇರೆ, ಕೊನೆಗೆ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಇಂಥ ಬಿರುಕಿನ ಸ್ವಭಾವವೇ ಕಾಡುವಂಥದ್ದು: ಮೇಲೆ ಸಂಪರ್ಕ ತಪ್ಪುತ್ತದೆ, ಇಳಿದು ಬೆಚ್ಚಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ, ನೆಲದ ಸ್ವಯಂ ಪರೀಕ್ಷೆಯಲ್ಲಿ ಪಾಸಾಗುತ್ತದೆ. 2014ರ ಡಿಸೆಂಬರ್ 28ರಂದು ಸುರಬಾಯಾದಿಂದ ಸಿಂಗಪುರಕ್ಕೆ ಹೊರಟು 162 ಜನರೊಂದಿಗೆ ಸಮುದ್ರಕ್ಕೆ ಬಿದ್ದ ಏರ್‌ಏಷ್ಯಾ ಎ320ರಲ್ಲಿ ತನಿಖೆಗೆ ಸಿಕ್ಕಿದ್ದು ಇದೇ. ಎ ಮತ್ತು ಬಿ ಎರಡೂ ಚಾನೆಲ್‌ಗಳ ಬೆಸುಗೆ ಬಿರುಕು ಬಿಟ್ಟಿತ್ತು. ಹಿಂದಿನ 12 ತಿಂಗಳಲ್ಲಿ ಅದೇ ದೋಷ 23 ಬಾರಿ ದಾಖಲಾಗಿತ್ತು, ಕೊನೆಯ ತಿಂಗಳುಗಳಲ್ಲಿ ಮೇಲಿಂದ ಮೇಲೆ. ಆ ದೋಷವೊಂದರಿಂದಲೇ ವಿಮಾನ ಬೀಳುವಂತಿರಲಿಲ್ಲ. ಆ ದಿನ ಎಚ್ಚರಿಕೆ ಮತ್ತೆ ಮತ್ತೆ ಬಂದಾಗ ಫ್ಯಾಕ್‌ಗಳ ಸರ್ಕ್ಯೂಟ್ ಬ್ರೇಕರನ್ನು ಆಕಾಶದಲ್ಲೇ ಎಳೆದರು. ಆಟೋಪೈಲಟ್, ಆಟೋಥ್ರಸ್ಟ್ ಕಳಚಿದವು, ಲಾ ಆಲ್ಟರ್ನೇಟ್‌ಗೆ ಇಳಿಯಿತು, ವಿಮಾನ 54 ಡಿಗ್ರಿ ಎಡಕ್ಕೆ ವಾಲಿತು. ಬ್ರೇಕರ್ ಮತ್ತೆ ಒತ್ತಿದರೂ ಮೇಲ್ಚಾವಣಿಯ ಗುಂಡಿ ಒತ್ತುವವರೆಗೆ ಫ್ಯಾಕ್ ಕೆಲಸಕ್ಕೆ ಬರುವುದಿಲ್ಲ. ಎರಡು ಚಾನೆಲ್ ಇದೆ ಎಂಬ ಧೈರ್ಯದಲ್ಲಿ ಒಂದೇ ಬಗೆಯ ಬೆಸುಗೆಯನ್ನು ಒಂದೇ ಜಾಗದಲ್ಲಿ ಎರಡು ಬಾರಿ ಹಾಕಿದರೆ, ಅವು ಹೆಚ್ಚುಕಡಿಮೆ ಒಟ್ಟಿಗೇ ವಯಸ್ಸಾಗುತ್ತವೆ.

ಮೂರನೆಯದು ತೀರ ಇತ್ತೀಚಿನದು. 2025ರ ಅಕ್ಟೋಬರ್ 30ರಂದು ಕ್ಯಾನ್‌ಕೂನ್‌ನಿಂದ ನ್ಯೂವಾರ್ಕ್‌ಗೆ ಹೊರಟ ಜೆಟ್‌ಬ್ಲೂ ಎ320 ಪೈಲಟ್ ಹೇಳದೆಯೇ ಮೂತಿ ತಗ್ಗಿಸಿತು. ಟ್ಯಾಂಪಾದಲ್ಲಿ ಇಳಿಸಿ ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ನವೆಂಬರ್ 28ರಂದು ಏರ್‌ಬಸ್ ಹೇಳಿದ್ದು: ತೀವ್ರ ಸೌರ ವಿಕಿರಣದಿಂದ ನಿಯಂತ್ರಣಕ್ಕೆ ಬೇಕಾದ ದತ್ತಾಂಶ ಕೆಡಬಹುದು, ಎಲಾಕ್ ಬಿ ಎಂಬ ಮಾದರಿಯ ಪೆಟ್ಟಿಗೆಯ ಎಲ್104 ಸಾಫ್ಟ್‌ವೇರನ್ನು ತೆಗೆದು ಹಿಂದಿನ ಆವೃತ್ತಿಗೆ ಮರಳಿ. ಜಗತ್ತಿನಲ್ಲಿ ಸುಮಾರು 6000 ವಿಮಾನಗಳು, ಭಾರತದಲ್ಲಿ ಮುನ್ನೂರಕ್ಕೂ ಹೆಚ್ಚು. ವಿಮಾನ ಹಾರುವ ಎತ್ತರದಲ್ಲಿ ನ್ಯೂಟ್ರಾನ್‌ಗಳ ಸುರಿಮಳೆ ನೆಲಕ್ಕಿಂತ ನೂರಾರು ಪಟ್ಟು ಹೆಚ್ಚು. ಒಂದು ಕಣ ಸಿಲಿಕಾನ್‌ಗೆ ಬಡಿದರೆ ಮೆಮೊರಿಯ ಒಂದು ಬಿಟ್ 0 ಇದ್ದದ್ದು 1 ಆಗಬಹುದು. ಇದು ಹೊಸ ವಿಷಯವೇನಲ್ಲ. ಬಿಟ್ ತಿದ್ದುವ ಸಂಕೇತ, ಮೆಮೊರಿಯನ್ನು ಆಗಾಗ ಓದಿ ಸರಿಪಡಿಸುವುದು, ಆಜ್ಞೆ-ಕಾವಲು ತಾಳೆ ಎಲ್ಲ ಇರುವುದು ಇದಕ್ಕೇ. ಹಾಗಿದ್ದೂ ಹೊಸ ಆವೃತ್ತಿಯೊಂದು ಹಳೆಯದಕ್ಕಿಂತ ದುರ್ಬಲವಾಗಿ ಹೊರಬಂತು ಎಂಬುದು ಪ್ರಮಾಣೀಕರಣಕ್ಕೆ ಬಿದ್ದ ಪೆಟ್ಟು. ಸಾಫ್ಟ್‌ವೇರ್ ಬದಲಾದಾಗ ಕಾರ್ಯ ಸರಿಯಿದೆಯೇ ಎಂದಷ್ಟೇ ನೋಡಿದರೆ ಸಾಲದು; ಬೇಕೆಂದೇ ಬಿಟ್ ಕೆಡಿಸಿ, ಪ್ರತಿ ಬಾರಿಯೂ ಪೆಟ್ಟಿಗೆ ಸುಮ್ಮನಾಗುತ್ತದೆಯೇ ಎಂದು ನೋಡಬೇಕು. ತಪ್ಪು ಗೊತ್ತಾದ ಮೇಲೆ ಕಂಪನಿ ಮುಚ್ಚಿಡದೆ ಅಷ್ಟೂ ವಿಮಾನಗಳಿಗೆ ಒಟ್ಟಿಗೆ ಹೇಳಿದ್ದಕ್ಕೆ ಮೆಚ್ಚುಗೆ ಸಲ್ಲಬೇಕು.

ಹೋಲಿಕೆಗೆ ಬೋಯಿಂಗ್ 777. ಅಲ್ಲಿ ಮುಖ್ಯ ಕಂಪ್ಯೂಟರ್ ಮೂರು, ಪ್ರತಿಯೊಂದರಲ್ಲೂ ಬೇರೆ ಬೇರೆ ಪ್ರೊಸೆಸರಿನ ಮೂರು ಲೇನ್ (ಚಾನೆಲ್): ಇಂಟೆಲ್ 80486, ಮೊಟೊರೊಲಾ 68040, ಎಎಂಡಿ 29050. ಆದರೆ ಎಡಾ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದೇ, ಯಂತ್ರದ ಭಾಷೆಗೆ ತಿರುಗಿಸುವ ಮೂರು ಬೇರೆ ಕಂಪೈಲರ್‌ಗಳಿಂದ ತಯಾರಾದದ್ದು. ಮೂರು ಉತ್ತರಗಳಲ್ಲಿ ನಡುವಿನದನ್ನು ಆರಿಸುತ್ತಾರೆ, ಹಾಗಾಗಿ ಒಂದು ಲೇನ್ ಹೋದರೂ ಆ ಪೆಟ್ಟಿಗೆ ಕೆಲಸದಲ್ಲೇ ಉಳಿಯುತ್ತದೆ. ನಿರ್ವಹಣೆಗೆ ಇದು ಹೆಚ್ಚು ಅನುಕೂಲ. ಸಾಫ್ಟ್‌ವೇರ್ ವೈವಿಧ್ಯದಲ್ಲಿ ಎ320 ಮುಂದೆ. ಆದರೆ ಕೆಟ್ಟ ಭಾಗವನ್ನು ಹಾಗೇ ಇಟ್ಟುಕೊಂಡು ಹಾರಬಲ್ಲ ವ್ಯವಸ್ಥೆಗೆ ತನ್ನದೇ ಕಾಯಿಲೆಯಿದೆ. ಪರ್ತ್‌ನಿಂದ 2005ರ ಆಗಸ್ಟ್ 1ರಂದು ಹೊರಟ ಮಲೇಷ್ಯಾ ಏರ್‌ಲೈನ್ಸ್ 777ರ ಮಾಪಕದಲ್ಲಿ ವೇಗದ ಏರಿಳಿತ ಅಳೆಯುವ ಒಂದು ಆಕ್ಸಿಲರೋಮೀಟರ್ 2001ರಲ್ಲೇ ಕೆಟ್ಟಿತ್ತು. ಅಂದು ಎರಡನೆಯದು ಕೆಟ್ಟಾಗ, ಸಾಫ್ಟ್‌ವೇರ್ ದೋಷದಿಂದ ಹಳೆಯ ಕೆಟ್ಟದ್ದರ ಮಾತೇ ಮತ್ತೆ ಲೆಕ್ಕಕ್ಕೆ ಬಂತು. ವಿಮಾನ ತಾನೇ ಮೂತಿ ಎತ್ತಿತು.

ನಮ್ಮೂರಿನ ತೇಜಸ್ ಬೇರೆ ಜಾತಿ. ಅದು ಬೇಕೆಂದೇ ಅಸ್ಥಿರವಾಗಿ ಮಾಡಿದ ಯುದ್ಧವಿಮಾನ, ಕಂಪ್ಯೂಟರ್ ಕೈಬಿಟ್ಟರೆ ನೇರ ಹಾರಲಾರದು, ಕೈಯಿಂದ ನಡೆಸುವ ಯಾಂತ್ರಿಕ ದಾರಿಯೂ ಇಲ್ಲ. ಹಾಗಾಗಿ ಸುಮ್ಮನಾಗಿ ಮುಂದಿನವರಿಗೆ ಬಿಡುವ ಎ320ರ ಪದ್ಧತಿ ಅಲ್ಲಿ ಒಗ್ಗುವುದಿಲ್ಲ. ನಾಲ್ಕು ಚಾನೆಲ್ ಸದಾ ಒಟ್ಟಿಗೆ ನಡೆಯುತ್ತವೆ. ಒಂದು ಕೆಟ್ಟರೆ ಮೂರರ ಮತ, ಇನ್ನೊಂದು ಕೆಟ್ಟರೂ ಹಾರಾಟ ಮುಂದುವರಿಯಬೇಕು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದಾಗ ಅದರ ನಿಯಂತ್ರಣ ನಿಯಮಗಳನ್ನು ರೂಪಿಸಿದ್ದು ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್ ನೇತೃತ್ವದ ತಂಡ. 1998ರ ಅಣುಪರೀಕ್ಷೆಯ ನಂತರದ ದಿಗ್ಬಂಧನದಿಂದ ಅಮೆರಿಕದ ನೆರವು ನಿಂತ ಮೇಲೂ ಕೆಲಸ ನಿಲ್ಲಲಿಲ್ಲ. ತೇಜಸ್‌ನ ಹೊಸ ಮಾದರಿ ಮಾರ್ಕ್ 1ಎಗೆ ಬೆಂಗಳೂರಿನ ರಕ್ಷಣಾ ಪ್ರಯೋಗಾಲಯ ಎಡಿಇ ಮಾಡಿದ, ಪವರ್‌ಪಿಸಿ ಬಗೆಯ ಪ್ರೊಸೆಸರ್ ಆಧಾರಿತ ಹೊಸ ಕಂಪ್ಯೂಟರ್ 2024ರ ಫೆಬ್ರವರಿ 19ರಂದು ಎಲ್‌ಎಸ್‌ಪಿ-7 ಎಂಬ ತೇಜಸ್ ವಿಮಾನದಲ್ಲಿ ಮೊದಲು ಹಾರಿತು. ಹೆಮ್ಮೆಯಿಂದ ಹೇಳಬೇಕಾದ ಕೆಲಸ.

ಎ320 ನೋಡಿಕೊಳ್ಳುವವರಿಗೆ, ಕೊಂಡ ವಸ್ತುವಿನಿಂದ ಪೂರ್ತಿ ಬೆಲೆ ಪಡೆಯಲು ಕೆಲವು ಮಾತು. ಹೊರಡುವ ಮುನ್ನ ಸ್ಟಿಕ್ಕನ್ನು ನಾಲ್ಕೂ ಕಡೆ ಕೊನೆಯವರೆಗೆ ತಳ್ಳಿ, ಪರದೆಯಲ್ಲಿ ಪ್ರತಿ ಪಟ್ಟಿಯ ಗುರುತು ಕೊನೆ ಮುಟ್ಟಿ ನಡುವಿಗೆ ಮರಳುತ್ತದೆಯೇ ನೋಡುವ ಪರೀಕ್ಷೆ ಜಾಕ್ ಮತ್ತು ತಂತಿಗಳದ್ದು ಮಾತ್ರ. ಗಾಳಿಯ ಕೋನ ಅಳೆಯುವ ರೆಕ್ಕೆ ಅಂಟಿಕೊಂಡಿದ್ದರೆ ಅದರಲ್ಲಿ ಗೊತ್ತಾಗುವುದಿಲ್ಲ. ಎಲಾಕ್‌ಗೆ ಸಾಫ್ಟ್‌ವೇರ್ ತುಂಬಿದ ಮೇಲೆ ಎರಡೂ ಪೆಟ್ಟಿಗೆಗಳ ಆವೃತ್ತಿ ಸಂಖ್ಯೆಯನ್ನು ಪರದೆಯಲ್ಲಿ ತೆಗೆದು, ಕೈಪಿಡಿ ಒಪ್ಪುವ ಜೋಡಿಯೇ ಎಂದು ಬರೆದಿಡಿ. ಒಂದೇ ಎಚ್ಚರಿಕೆ ಮೂರನೇ ಬಾರಿ ಬಂದರೆ ಮತ್ತೆ ರೀಸೆಟ್ ಮಾಡಿ ಪಾಸ್ ಎಂದು ಸಹಿ ಹಾಕಬೇಡಿ. ಘಟಕವನ್ನು ಬಿಚ್ಚಿ ವರ್ಕ್‌ಶಾಪಿಗೆ ಕಳಿಸಿ, ಚಳಿಯ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸಿ ಎಂದು ಚೀಟಿಯಲ್ಲಿ ಬರೆಯಿರಿ. ವಿಮಾನ ತೊಳೆಯುವ ಮೊದಲು ಮೂರು ರೆಕ್ಕೆಗೂ ಮುಸುಕು ಹಾಕಿ, ನೀರಿನ ಪೈಪನ್ನು ಅವುಗಳ ಕಡೆ ತಿರುಗಿಸಬೇಡಿ, ತೊಳೆದಾದ ಮೇಲೆ ಮುಸುಕು ತೆಗೆದವರೇ ಒಂದೊಂದನ್ನೂ ಎಣಿಸಿ ಸಹಿ ಮಾಡಲಿ.